ತಳದಲ್ಲಿ ಹರಳು, ನಾಲಗೆಯ ಮೇಲೆ ಗಾಳಿಗುಳ್ಳೆ: ಸಾವಯವ ಬಿಳಿ ವೈನ್ ಕೆಟ್ಟಿದೆಯೇ?

ಪ್ರಶ್ನೆ: ನಾವು ತೀರ್ಥಹಳ್ಳಿಯ ಕಡೆಯವರು, ಈಗ ಫ್ರಾನ್ಸಿನ ನಾಂತ್ ನಗರದಲ್ಲಿದ್ದೇವೆ. ಕಳೆದ ವಸಂತದಲ್ಲಿ ಆಂಜೇ ಪಟ್ಟಣದ ಸಮೀಪದ ಒಂದು ಚಿಕ್ಕ ದ್ರಾಕ್ಷಿ ತೋಟಕ್ಕೆ ಹೋಗಿ ಶೆನಿನ್ ಬ್ಲಾಂ ತಳಿಯ ಬಿಳಿ ವೈನಿನ ಆರು ಬಾಟಲಿಗಳನ್ನು ಕೊಂಡೆವು. ಇದು ಸಾವಯವ ವೈನ್, ಹೊರಗಿನ ಯೀಸ್ಟ್ ಹಾಕಿಲ್ಲ, ಸೋಸಿಲ್ಲ, ವೈನ್ ಕೆಡದಂತೆ ಹಾಕುವ ಗಂಧಕದ ಸಂಯುಕ್ತವಾದ ಸಲ್ಫೈಟ್ ಸೇರಿಸಿಲ್ಲ ಎಂದು ತೋಟದವರು ವಿವರಿಸಿದರು. ಆ ವಾರವೇ ತೆರೆದ ಮೊದಲ ಬಾಟಲಿ ಬಹಳ ಚೆನ್ನಾಗಿತ್ತು. ಉಳಿದವು ಬೇಸಿಗೆಯಿಡೀ ಅಡುಗೆಮನೆಯ ಕಪಾಟಿನಲ್ಲಿದ್ದವು. ಸೆಪ್ಟೆಂಬರಿನಲ್ಲಿ ಒಂದನ್ನು ಫ್ರಿಜ್ಜಿನಲ್ಲಿ ವಾರವಿಟ್ಟು ತೆರೆದಾಗ ವೈನ್ ಮಬ್ಬಾಗಿತ್ತು, ತಳದಲ್ಲಿ ಗಾಜಿನ ಪುಡಿಯಂಥ ಹರಳುಗಳಿದ್ದವು, ನಾಲಗೆಯ ಮೇಲೆ ಸಣ್ಣಗೆ ಗಾಳಿಗುಳ್ಳೆ ಚುರುಗುಟ್ಟಿತು, ಹೆಚ್ಚು ಹಣ್ಣಾದ ಸೇಬಿನ ವಾಸನೆಯೂ ಇತ್ತು. ಲೇಬಲ್ ನೋಡಿದರೆ ‘ಸಲ್ಫೈಟ್ ಇದೆ’ ಎಂದು ಬರೆದಿದೆ. ನಮಗೆ ಮೋಸವಾಯಿತೇ? ಊರಿನಿಂದ ಬಂದಿರುವ ಅಪ್ಪ ಅಡಿಕೆ ಬೆಳೆಗಾರರು. ಇಲ್ಲಿಯ ಸಾವಯವ ತೋಟಗಳಲ್ಲೂ ಬೋರ್ಡೋ ದ್ರಾವಣ (ಮೈಲುತುತ್ತ ಎಂಬ ತಾಮ್ರದ ಲವಣ ಮತ್ತು ಸುಣ್ಣದ ಮಿಶ್ರಣ) ಹೊಡೆಯುತ್ತಾರೆಂದು ತಿಳಿದು, ‘ಮೈಲುತುತ್ತ ಹೊಡೆದ ಮೇಲೆ ಅದೆಂಥ ಸಾವಯವ?’ ಎನ್ನುತ್ತಿದ್ದಾರೆ. ಅವರಿಗೆ ಅಸ್ತಮಾ ಇದೆ. ಸಲ್ಫೈಟ್ ಹಾಕದ ವೈನ್ ತಲೆನೋವು ತರುವುದಿಲ್ಲ, ಅಸ್ತಮಾ ಇರುವವರೂ ಅದನ್ನು ಕುಡಿಯಬಹುದು ಎಂದು ಸ್ನೇಹಿತರು ಹೇಳಿದರು. ಇದು ನಿಜವೇ? ಉಳಿದ ನಾಲ್ಕು ಬಾಟಲಿಗಳನ್ನು ಏನು ಮಾಡಲಿ? ಒಂದನ್ನು ಅಪ್ಪನ ಜೊತೆ ಬೆಂಗಳೂರಿನ ಅಣ್ಣನಿಗೆ ಕಳುಹಿಸಬಹುದೇ?

ಉತ್ತರ: ನೀವು ಬರೆದ ಲಕ್ಷಣಗಳಲ್ಲಿ ಹರಳು ಮತ್ತು ಮಬ್ಬು ದೋಷಗಳೇ ಅಲ್ಲ. ಗುಳ್ಳೆಯ ಬಗ್ಗೆ ಸ್ವಲ್ಪ ವಿಚಾರಿಸಬೇಕು, ಏಕೆಂದರೆ ಅದು ಉಳಿದ ನಾಲ್ಕು ಬಾಟಲಿಗಳ ಭವಿಷ್ಯಕ್ಕೆ ಸಂಬಂಧಿಸಿದ್ದು. ಸೇಬಿನ ವಾಸನೆ ಎರಡೂ ಕಡೆ ವಾಲಬಲ್ಲದು. ಲೇಬಲ್ಲಿನ ಸಾಲು ಮೋಸಕ್ಕೆ ಸಾಕ್ಷಿಯಲ್ಲ. ನಿಮ್ಮ ತಂದೆಯವರ ಅಸ್ತಮಾದ ವಿಷಯದಲ್ಲಿ ಮಾತ್ರ ಸ್ನೇಹಿತರ ಮಾತನ್ನು ದಯವಿಟ್ಟು ನಂಬಬೇಡಿ. ಕಾರಣಗಳನ್ನು ಮುಂದೆ ಹೇಳುತ್ತೇನೆ.

ತಂದೆಯವರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಸಾವಯವ ವೈನಿನ ಬಗ್ಗೆ ಕೇಳಲೇಬೇಕಾದ ಪ್ರಶ್ನೆಯನ್ನು ಅವರು ನೇರವಾಗಿ ಕೇಳಿದ್ದಾರೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. 1880ರ ದಶಕದಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಪಿಯೇರ್ ಮಿಲಾರ್ಡೆ ಅವರು, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ತಾಮ್ರದ ಲೇಪ ಎರಚಿದ್ದ ಕಡೆ ಡೌನಿ ಎಂಬ ಬೂಜುರೋಗ ಬಂದಿಲ್ಲವೆಂಬುದನ್ನು ಗಮನಿಸಿ, 1885ರಲ್ಲಿ ಈ ಮಿಶ್ರಣವನ್ನು ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಇದೇ ದ್ರಾವಣವನ್ನು ನಮ್ಮ ತೋಟಗಳಿಗೆ ತಂದರು. ದ್ರಾಕ್ಷಿಯ ಡೌನಿಗೂ ಅಡಿಕೆಯ ಕೊಳೆಗೂ ಕಾರಣವಾದ ಜೀವಿಗಳು ಒಂದೇ ಬಳಗಕ್ಕೆ ಸೇರಿದವು. ಎರಡೂ ಸತತ ಮಳೆಯಲ್ಲಿ ನೀರಿನ ಮೂಲಕ ಹರಡುತ್ತವೆ, ಆದ್ದರಿಂದ ಒಂದಕ್ಕೆ ಫಲಿಸಿದ ಔಷಧ ಇನ್ನೊಂದಕ್ಕೂ ಫಲಿಸಿತು.

ಐರೋಪ್ಯ ಒಕ್ಕೂಟದ ಸಾವಯವ ನಿಯಮವು ಕೃತಕವಾಗಿ ಸಂಯೋಜಿಸಿದ ಕಳೆನಾಶಕ, ಕೀಟನಾಶಕ, ಶಿಲೀಂಧ್ರನಾಶಕಗಳನ್ನು ನಿಷೇಧಿಸುತ್ತದೆ. ತಾಮ್ರ ಮತ್ತು ಗಂಧಕ ಖನಿಜಗಳಾದ್ದರಿಂದ ಅವುಗಳಿಗೆ ಅನುಮತಿ ಇದೆ. ಆದರೆ ತಾಮ್ರಕ್ಕೆ ಮಿತಿಯುಂಟು. 2019ರಿಂದ ಜಾರಿಯಲ್ಲಿರುವ ನಿಯಮದಂತೆ ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ ತಾಮ್ರವನ್ನಷ್ಟೇ ಬಳಸಬಹುದು. ಮೈಲುತುತ್ತದಲ್ಲಿ ತಾಮ್ರ ಸುಮಾರು ಕಾಲುಭಾಗ ಮಾತ್ರ ಇರುವುದರಿಂದ, ಇದು ವರ್ಷಕ್ಕೆ ಹೆಕ್ಟೇರಿಗೆ ಸುಮಾರು 16 ಕಿಲೋ ಮೈಲುತುತ್ತಕ್ಕೆ ಸಮ. ನೂರು ಲೀಟರಿಗೆ ಒಂದು ಕಿಲೋ ಹಾಕುವ ತಮ್ಮ ಲೆಕ್ಕದೊಂದಿಗೆ ತಂದೆಯವರು ಇದನ್ನು ಹೋಲಿಸಿ ನೋಡಲಿ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ, ಸೇರುತ್ತಲೇ ಹೋಗುತ್ತದೆ, ಎರೆಹುಳು ಮತ್ತು ಸೂಕ್ಷ್ಮಜೀವಿಗಳಿಗೆ ತೊಂದರೆ ಕೊಡುತ್ತದೆ. ಸಾವಯವ ದ್ರಾಕ್ಷಿ ಕೃಷಿಯ ನಿಜವಾದ ದೌರ್ಬಲ್ಯ ಇದೇ, ಪ್ರಾಮಾಣಿಕ ಬೆಳೆಗಾರರು ಇದನ್ನು ಮುಚ್ಚಿಡುವುದಿಲ್ಲ. ನೀವು ವೈನ್ ಕೊಂಡ ಲುವಾರ್ ನದಿಯ ಕಣಿವೆಯಂಥ ತೇವದ ಸೀಮೆಯಲ್ಲಿ, ಅದರಲ್ಲೂ 2024ರಂಥ ಮಳೆಯ ವರ್ಷದಲ್ಲಿ, ಪ್ರತಿ ಜೋರು ಮಳೆಗೂ ಹಿಂದಿನ ಲೇಪ ತೊಳೆದುಹೋಗುತ್ತದೆ, ಮತ್ತೆ ಹೊಡೆಯಬೇಕಾಗುತ್ತದೆ. ಮಿತಿ ದಾಟುವಂತಿಲ್ಲ, ಹೊಡೆಯದಿದ್ದರೆ ಫಸಲಿಲ್ಲ. ಕೆಲವೇ ಹೆಕ್ಟೇರುಗಳ ಚಿಕ್ಕ ತೋಟದವರು ಈ ಇಕ್ಕಟ್ಟಿನಲ್ಲಿ ಒಂದು ವರ್ಷದ ಆದಾಯವನ್ನೇ ಕಳೆದುಕೊಳ್ಳುವುದುಂಟು. ಇದರ ಮೇಲೆ 2021ರ ಏಪ್ರಿಲಿನಲ್ಲಿ ಬಿದ್ದಂಥ ಹಿಮವೂ ಇದೆ. ಹೀಗೆ ಬಂದ ಬಾಟಲಿಗೆ ಅಂಗಡಿಯ ಸಾಮಾನ್ಯ ವೈನಿಗಿಂತ ಹೆಚ್ಚು ಬೆಲೆಯಿದ್ದರೆ ನನಗೆ ಅದು ಅನ್ಯಾಯವೆನಿಸುವುದಿಲ್ಲ.

ಬಾಟಲಿಯ ಮೇಲೆ ಹಸಿರು ಎಲೆಯ ಐರೋಪ್ಯ ಮುದ್ರೆ ಇದ್ದರೆ, ಆ ತೋಟ ಮೂರು ವರ್ಷಗಳ ಪರಿವರ್ತನಾ ಅವಧಿಯನ್ನು ಮುಗಿಸಿದೆ ಮತ್ತು ಪ್ರಮಾಣೀಕರಣ ಸಂಸ್ಥೆಯ ತಪಾಸಣೆಗೆ ಒಳಪಟ್ಟಿದೆ ಎಂದರ್ಥ. ಮುದ್ರೆಯ ಬಳಿ ಆ ಸಂಸ್ಥೆಯ ಸಂಕೇತವೂ ಇರುತ್ತದೆ. ಎಫ್‌ಆರ್-ಬಿಐಒ-01 ಎಂದಿದ್ದರೆ ಅದು ಇಕೊಸರ್ಟ್.

ಆದರೆ ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವ ಒಂದು ವಿಷಯವಿದೆ. ಸಾವಯವ ಎನ್ನುವುದು ಮುಖ್ಯವಾಗಿ ತೋಟದ ಮಾತು, ಹಸ್ತಕ್ಷೇಪ ಕಡಿಮೆ ಎನ್ನುವುದು ನೆಲಮಾಳಿಗೆಯ ಮಾತು. 2012ರ ಆಗಸ್ಟಿಗೆ ಮೊದಲು ಐರೋಪ್ಯ ಒಕ್ಕೂಟದಲ್ಲಿ ‘ಸಾವಯವ ವೈನ್’ ಎಂದು ಬರೆಯಲು ಅವಕಾಶವೇ ಇರಲಿಲ್ಲ. ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಎಂದಷ್ಟೇ ಬರೆಯಬಹುದಿತ್ತು. ಆ ವರ್ಷ ಬಂದ ನಿಯಮವು ತಯಾರಿಕೆಗೂ ಕೆಲವು ಮಿತಿಗಳನ್ನು ಹಾಕಿತಾದರೂ, ಪ್ಯಾಕೆಟ್ಟಿನ ಯೀಸ್ಟ್, ಸೋಸುವಿಕೆ, ಸಲ್ಫೈಟ್ ಇವೆಲ್ಲಕ್ಕೂ ಈಗಲೂ ಅನುಮತಿ ಇದೆ. ಸಕ್ಕರೆಯಿಲ್ಲದ ಬಿಳಿ ವೈನಿನಲ್ಲಿ ಒಟ್ಟು ಸಲ್ಫರ್ ಡೈಆಕ್ಸೈಡ್ (ಸಲ್ಫೈಟನ್ನು ಅಳೆಯುವುದು ಈ ರೂಪದಲ್ಲಿ) ಸಾಮಾನ್ಯವಾಗಿ ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದಾದರೆ, ಸಾವಯವದಲ್ಲಿ 150ರವರೆಗೆ ಇರಬಹುದು. ಈ ಎರಡಕ್ಕಿಂತ ಬಹಳ ಬಿಗಿಯಾದದ್ದು 2020ರಲ್ಲಿ ಫ್ರಾನ್ಸಿನಲ್ಲಿ ಅಧಿಕೃತ ಒಪ್ಪಿಗೆ ಪಡೆದ ‘ವ್ಯಾಂ ಮೆತೋದ್ ನಾತ್ಯೂರ್’ ಎಂಬ ಸನ್ನದು. ಅದರಂತೆ ದ್ರಾಕ್ಷಿ ಪ್ರಮಾಣೀಕೃತ ಸಾವಯವವಾಗಿರಬೇಕು, ಕೈಯಿಂದಲೇ ಕೊಯ್ದಿರಬೇಕು, ತೋಟದ್ದೇ ಯೀಸ್ಟಿನಿಂದ ಹುದುಗಿರಬೇಕು, ಸಲ್ಫೈಟ್ ಸೇರಿಸದಿದ್ದರೆ ಒಂದು ಮುದ್ರೆ, ಲೀಟರಿಗೆ 30 ಮಿಲಿಗ್ರಾಂ ಮಿತಿಯೊಳಗೆ ಸೇರಿಸಿದ್ದರೆ ಇನ್ನೊಂದು ಮುದ್ರೆ. ನಿಮ್ಮ ಬಾಟಲಿಯಲ್ಲಿ ಇದು ಇಲ್ಲದಿದ್ದರೂ ತೋಟದವರು ಸುಳ್ಳು ಹೇಳಿದ್ದಾರೆಂದಲ್ಲ. ಈ ಸನ್ನದಿಗೆ ಸೇರದೆಯೇ ಹಾಗೆ ವೈನ್ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ.

‘ಸಲ್ಫೈಟ್ ಇದೆ’ ಎಂಬ ಸಾಲಿಗೆ ಬರೋಣ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಈ ಸಾಲನ್ನು ಬರೆಯಲೇಬೇಕು. ಅದು ಹೊರಗಿನಿಂದ ಬಂತೋ ಒಳಗೇ ಹುಟ್ಟಿತೋ ಎಂದು ನಿಯಮ ಕೇಳುವುದಿಲ್ಲ. ಹುದುಗುವಾಗ ಯೀಸ್ಟ್ ತಾನೇ ಸ್ವಲ್ಪ ಸಲ್ಫರ್ ಡೈಆಕ್ಸೈಡ್ ಉತ್ಪಾದಿಸುತ್ತದೆ, ಆ ಪ್ರಮಾಣ 10ರ ಗಡಿ ದಾಟುವುದು ಅಪರೂಪವಲ್ಲ. ಆದ್ದರಿಂದ ‘ಸೇರಿಸಿಲ್ಲ’ ಎಂಬ ಮಾತೂ ‘ಇದೆ’ ಎಂಬ ಲೇಬಲ್ಲೂ ಏಕಕಾಲದಲ್ಲಿ ನಿಜವಾಗಿರಬಹುದು. ಖಚಿತವಾಗಿ ತಿಳಿಯಬೇಕೆಂದರೆ ಈಗ ಒಂದು ದಾರಿಯಿದೆ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನಿಗೆ ಐರೋಪ್ಯ ಒಕ್ಕೂಟದಲ್ಲಿ ಪದಾರ್ಥಗಳ ಪಟ್ಟಿ ಕಡ್ಡಾಯ. ಅದು ಲೇಬಲ್ಲಿನಲ್ಲೇ ಇರಬಹುದು, ಅಥವಾ ಕ್ಯೂಆರ್ ಕೋಡ್ ಮೂಲಕ ಸಿಗಬಹುದು. ನಿಮ್ಮದು 2024ರ ಅಥವಾ ನಂತರದ ಸುಗ್ಗಿಯದಾದರೆ ಆ ಪಟ್ಟಿಯನ್ನು ಓದಿ ನೋಡಿ.

ಸಲ್ಫೈಟ್ ಇಲ್ಲದೆ ವೈನ್ ಮಾಡಬಹುದು ಎಂಬ ವಿಚಾರವನ್ನು ವಿಜ್ಞಾನದ ನೆಲೆಯಲ್ಲಿ ಗಟ್ಟಿಗೊಳಿಸಿದವರು ಬೋಜೊಲೆ ಸೀಮೆಯ ಜೂಲ್ ಶೋವೆ. ಅವರು ವೈನ್ ವ್ಯಾಪಾರಿಯೂ ಹೌದು, ರಸಾಯನಶಾಸ್ತ್ರ ಬಲ್ಲವರೂ ಹೌದು. ಅವರನ್ನು ಹಿಂಬಾಲಿಸುವವರಲ್ಲಿ ಎಲ್ಲರೂ ನೆನಪಿಡದ ಸಂಗತಿಯೆಂದರೆ, ಸಲ್ಫರ್ ಬಿಡುವುದು ಸುಲಭವಾಗುವುದು ಆಮ್ಲ ಹೆಚ್ಚಿರುವಾಗ ಮಾತ್ರ. ವೈನಿನಲ್ಲಿರುವ ಮುಕ್ತ ಸಲ್ಫರ್ ಡೈಆಕ್ಸೈಡಿನ ಒಂದು ಚಿಕ್ಕ ಅಂಶವಷ್ಟೇ ಬ್ಯಾಕ್ಟೀರಿಯಾಗಳನ್ನು ತಡೆಯಬಲ್ಲದು. ಹುಳಿಯ ಅಳತೆಯಾದ ಪಿಎಚ್ (ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.0 ಇದ್ದಾಗ ಆ ಅಂಶ ಶೇಕಡಾ 6ರಷ್ಟಿದ್ದರೆ, 3.5 ಇದ್ದಾಗ ಶೇಕಡಾ 2ಕ್ಕೆ ಇಳಿಯುತ್ತದೆ. ಲುವಾರಿನ ಶೆನಿನ್ ಹುಳಿಯಲ್ಲಿ ಹೆಸರಾದ ತಳಿ. ಸಾವೆನಿಯೇರ್, ವೂವ್ರೆ ಮುಂತಾದ ಊರುಗಳಲ್ಲಿ ಅದರ ವೈನ್ ದಶಕಗಳ ಕಾಲ ಬಾಳುವುದಕ್ಕೆ ಆ ಹುಳಿಯೇ ದೊಡ್ಡ ಆಧಾರ. ಬಿಸಿ ಸೀಮೆಯ, ಹುಳಿ ಕಡಿಮೆಯಾದ ದ್ರಾಕ್ಷಿಯಲ್ಲಿ ಇದೇ ಸಾಹಸ ಮಾಡಿದರೆ ಬಹಳ ಸಲ ವೈನ್ ಹಾಳಾಗುತ್ತದೆ. ನಿಮ್ಮ ತೋಟದವರು ಸರಿಯಾದ ತಳಿಯಲ್ಲೇ ಈ ಕೆಲಸಕ್ಕೆ ಕೈಹಾಕಿದ್ದಾರೆ.

ಈಗ ನೀವು ಕಂಡದ್ದು. ಹರಳುಗಳು ಪೊಟ್ಯಾಸಿಯಂ ಬೈಟಾರ್ಟ್ರೇಟ್, ಅಂದರೆ ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಲವಣ. ಬೇಕರಿಯಲ್ಲಿ ಕ್ರೀಮ್ ಆಫ್ ಟಾರ್ಟರ್ ಎಂದು ಬಳಸುವುದೂ ಇದನ್ನೇ. ತಣ್ಣಗಾದಷ್ಟೂ ಇದು ಕಡಿಮೆ ಕರಗುತ್ತದೆ. ದೊಡ್ಡ ಕಂಪನಿಗಳು ವೈನನ್ನು ತೊಟ್ಟಿಯಲ್ಲೇ ಸುಮಾರು ಮೈನಸ್ 4 ಡಿಗ್ರಿಗೆ ಇಳಿಸಿ, ಈ ಹರಳುಗಳನ್ನು ಬೇರ್ಪಡಿಸಿದ ಮೇಲೆ ಬಾಟಲಿಗೆ ತುಂಬುತ್ತವೆ. ನಿಮ್ಮ ತೋಟದವರು ಹಾಗೆ ಮಾಡಿರಲಿಕ್ಕಿಲ್ಲ, ಆ ಕೆಲಸವನ್ನು ನಿಮ್ಮ ಫ್ರಿಜ್ಜು ಮಾಡಿತು. ಮಬ್ಬಿಗೆ ಎರಡು ಕಾರಣಗಳಿವೆ: ಸೋಸದ್ದರಿಂದ ಉಳಿದ ಯೀಸ್ಟಿನ ಗಸಿ, ಮತ್ತು ಬೇಸಿಗೆಯ ಶಾಖಕ್ಕೆ ಹೆಪ್ಪುಗಟ್ಟಿದ ದ್ರಾಕ್ಷಿಯ ಪ್ರೋಟೀನು. ಪ್ರೋಟೀನನ್ನು ತೆಗೆಯಲು ಸಾಮಾನ್ಯವಾಗಿ ಬೆಂಟೊನೈಟ್ ಎಂಬ ಜೇಡಿಯನ್ನು ಬೆರೆಸುತ್ತಾರೆ, ಜೊತೆಗೆ ಒಂದಷ್ಟು ಪರಿಮಳವೂ ಹೋಗುತ್ತದೆಂದು ಹಲವರು ಅದನ್ನು ಬಿಡುತ್ತಾರೆ. ಇಂಥ ಮಬ್ಬಿನ ಕಾರಣಕ್ಕೇ ಲೇಬಲ್ಲಿನಲ್ಲಿ ಪ್ರದೇಶದ ಹೆಸರು ಹಾಕಲು ಗೆಲ್ಲಬೇಕಾದ ರುಚಿ ಪರೀಕ್ಷೆಯಲ್ಲಿ ನಿರಾಕರಿಸಲ್ಪಟ್ಟು, ಬರೀ ‘ವ್ಯಾಂ ದ ಫ್ರಾನ್ಸ್’ (ಫ್ರಾನ್ಸಿನ ವೈನ್) ಎಂಬ ಹೆಸರಿನಲ್ಲಿ ಮಾರಾಟವಾಗುವ ಉತ್ತಮ ವೈನುಗಳಿವೆ.

ಗುಳ್ಳೆಯ ವಿಷಯ ಹೆಚ್ಚು ಗಂಭೀರ. ಹಲವು ತೋಟದವರು ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡನ್ನು ಬೇಕೆಂದೇ ಸ್ವಲ್ಪ ಉಳಿಸಿಕೊಳ್ಳುತ್ತಾರೆ, ಏಕೆಂದರೆ ಸಲ್ಫೈಟ್ ಇಲ್ಲದಿರುವಾಗ ಆಮ್ಲಜನಕದಿಂದ ಅದೇ ಕಾಪಾಡುತ್ತದೆ. ಆದರೆ ವಸಂತದಲ್ಲಿ ಕುಡಿದ ಮೊದಲ ಬಾಟಲಿಯಲ್ಲಿ ನೀವು ಗುಳ್ಳೆಯನ್ನು ಕಂಡಿರಲಿಲ್ಲವಾದರೆ, ಎರಡನೆಯದು ನಿಮ್ಮ ಕಪಾಟಿನಲ್ಲೇ ಮತ್ತೆ ಹುದುಗಿದೆ ಎಂದು ನಾನು ಊಹಿಸುತ್ತೇನೆ. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ಉಕ್ಕಿ ಬರುವುದಕ್ಕೂ ಇದಕ್ಕೂ ಕಾರಣ ಬೇರೆಯಲ್ಲ: ಜೀವವಿರುವ ಸೂಕ್ಷ್ಮಾಣು, ಒಂದಷ್ಟು ಆಹಾರ, ಮೇಲೆ ಬೆಚ್ಚನೆಯ ವಾತಾವರಣ. ಲುವಾರಿನ ತಂಪು ನೆಲಮಾಳಿಗೆಯಲ್ಲಿ ತೋಟದ ಯೀಸ್ಟ್ ನಿಧಾನವಾಗಿ, ಕೆಲವೊಮ್ಮೆ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ, ಚಳಿಗೆ ನಿಂತೂ ಬಿಡುತ್ತದೆ. ಆಗ ಲೀಟರಿಗೆ ಕೆಲವು ಗ್ರಾಂ ಸಕ್ಕರೆ ಉಳಿದರೆ ಅದು ನಾಲಗೆಗೆ ತಿಳಿಯುವುದಿಲ್ಲ, ಹುಳಿ ಅದನ್ನು ಮರೆಮಾಡುತ್ತದೆ. ಸೋಸದ ವೈನಿನಲ್ಲಿ ಯೀಸ್ಟ್ ಉಳಿದಿರುತ್ತದೆ, ಸಲ್ಫೈಟಿನ ತಡೆಯೂ ಇಲ್ಲ. ಲೀಟರಿಗೆ 4 ಗ್ರಾಂ ಸಕ್ಕರೆ ಮುಚ್ಚಿದ ಬಾಟಲಿಯೊಳಗೆ ಹುದುಗಿದರೆ ಸುಮಾರು ಒಂದು ಬಾರ್, ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯಷ್ಟು, ಒತ್ತಡ ಏಳುತ್ತದೆ. ಶಾಂಪೇನಿನಲ್ಲಿ 24 ಗ್ರಾಂ ಸಕ್ಕರೆಯಿಂದ 6 ಬಾರ್ ಬರಿಸುತ್ತಾರೆ, ಆದರೆ ಆ ಗಾಜು ದಪ್ಪ, ಬಿರಡೆಗೆ ತಂತಿಯ ಬಿಗಿತವೂ ಇರುತ್ತದೆ. ನಿಮ್ಮ ಬಾಟಲಿಗೆ ಅವೆರಡೂ ಇಲ್ಲ. ಸಕ್ಕರೆ ಇಲ್ಲದಿದ್ದರೂ, ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವಾಗ ಸಣ್ಣ ಗುಳ್ಳೆ ಬರುತ್ತದೆ, ಅದರಿಂದ ಒತ್ತಡದ ಅಪಾಯ ಕಡಿಮೆ.

ಸೇಬಿನ ವಾಸನೆ ಬಹುಶಃ ಅಸಿಟಾಲ್ಡಿಹೈಡ್ ಎಂಬ ವಸ್ತುವಿನದು. ಸಲ್ಫೈಟ್ ಇರುವ ವೈನಿನಲ್ಲಿ ಇದು ಸಲ್ಫೈಟಿಗೆ ಅಂಟಿಕೊಂಡು ವಾಸನೆ ಕಳೆದುಕೊಳ್ಳುತ್ತದೆ, ಇಲ್ಲದ ವೈನಿನಲ್ಲಿ ಮೂಗಿಗೆ ಬಡಿಯುತ್ತದೆ. ಶೆನಿನ್ ತಳಿಯ ಸಹಜ ಪರಿಮಳದಲ್ಲೂ ಸೇಬು ಇರುವುದರಿಂದ ವಾಸನೆಯೊಂದರಿಂದಲೇ ತೀರ್ಪು ಕೊಡಲಾಗದು. ಬಣ್ಣ ಹುಲ್ಲಿನ ಹಳದಿಯಿಂದ ಕಂದಿಗೆ ತಿರುಗಿದ್ದು, ರುಚಿ ಸಪ್ಪೆಯಾಗಿದ್ದರೆ ಗಾಳಿ ಹೊಕ್ಕು ಕೆಟ್ಟಿದೆ. ಉಗುರು ಬಣ್ಣ ತೆಗೆಯುವ ದ್ರಾವಣದ ಅಥವಾ ವಿನೆಗರಿನ ಘಾಟು ಎದ್ದರೆ ಅಸಿಟಿಕ್ ಬ್ಯಾಕ್ಟೀರಿಯಾ ಗೆದ್ದಿದೆ. ಇನ್ನೊಂದು ದೋಷ ಮೂಗಿಗೆ ಸಿಗುವುದೇ ಇಲ್ಲ: ನುಂಗಿದ ಮೇಲೆ ಕೆಲವು ಕ್ಷಣ ಬಿಟ್ಟು, ಬಾಯಿಯ ಹಿಂಭಾಗದಲ್ಲಿ ಇಲಿಯ ಗೂಡಿನಂಥ ವಾಸನೆ ಏಳುತ್ತದೆ. ವೈನಿನ ಹುಳಿಯಲ್ಲಿ ಅಡಗಿದ್ದ ಸಂಯುಕ್ತಗಳು ಜೊಲ್ಲಿನಲ್ಲಿ ಬಿಡುಗಡೆಯಾಗುವುದೇ ಇದಕ್ಕೆ ಕಾರಣ. ಆ ಸಂಯುಕ್ತಗಳಲ್ಲಿ ಒಂದು ಬಾಸುಮತಿ ಅಕ್ಕಿಗೆ ಪರಿಮಳ ಕೊಡುವ ವಸ್ತುವೇ ಎಂಬುದು ನನಗೆ ಇಂದಿಗೂ ಸೋಜಿಗ. ಸಲ್ಫೈಟ್ ಕಡಿಮೆಯಾದ ವೈನುಗಳಲ್ಲೇ ಈ ದೋಷ ಹೆಚ್ಚು, ಮತ್ತು ಕೆಲವರ ನಾಲಗೆಗೆ ಅದು ತಿಳಿಯುವುದೇ ಇಲ್ಲ. ಇವುಗಳಲ್ಲಿ ಯಾವುದಿದ್ದರೂ ವೈನ್ ರುಚಿ ಕೆಟ್ಟಿರುತ್ತದೆಯೇ ಹೊರತು ವಿಷವಾಗಿರುವುದಿಲ್ಲ. ಈ ಮಟ್ಟದ ಹುಳಿ ಮತ್ತು ಮದ್ಯಸಾರದಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳು ಬೆಳೆಯಲಾರವು.

ತಲೆನೋವಿನ ನಂಬಿಕೆ ವ್ಯಾಪಕವಾಗಿದೆ, ಆದರೆ ಅದಕ್ಕೆ ಆಧಾರ ದುರ್ಬಲ. ತಲೆನೋವಿನ ದೂರು ಹೆಚ್ಚಾಗಿ ಕೇಳಿಬರುವುದು ಕೆಂಪು ವೈನಿನ ಮೇಲೆ, ಸಲ್ಫೈಟ್ ಸಾಮಾನ್ಯವಾಗಿ ಹೆಚ್ಚಿರುವುದು ಬಿಳಿಯದರಲ್ಲಿ. ಒಣ ಜರ್ದಾಳು ಹಣ್ಣಿನಲ್ಲಿ ಕಿಲೋಗೆ 2000 ಮಿಲಿಗ್ರಾಂವರೆಗೆ ಅನುಮತಿ ಇದೆ. ಅಂಥ ಹಣ್ಣು 40 ಗ್ರಾಂ ತಿಂದರೆ 80 ಮಿಲಿಗ್ರಾಂವರೆಗೆ ದೇಹಕ್ಕೆ ಹೋಗಬಹುದು, ಆದರೆ ಲೀಟರಿಗೆ 100 ಮಿಲಿಗ್ರಾಂ ಇರುವ ವೈನಿನ 150 ಮಿಲಿಲೀಟರ್ ಲೋಟದಲ್ಲಿ ಇರುವುದು 15 ಮಿಲಿಗ್ರಾಂ. ತಲೆನೋವಿಗೆ ಮೊದಲ ಆರೋಪಿ ಮದ್ಯಸಾರ, ಅದು ಸಾವಯವದಲ್ಲಿಯೂ ಅಷ್ಟೇ ಇರುತ್ತದೆ. ಸಲ್ಫೈಟಿನ ತಡೆಯಿಲ್ಲದಾಗ ಬ್ಯಾಕ್ಟೀರಿಯಾಗಳಿಂದ, ಅಲರ್ಜಿಯಂಥ ಲಕ್ಷಣ ತರಬಲ್ಲ ಹಿಸ್ಟಮಿನ್ ಎಂಬ ವಸ್ತು ಹೆಚ್ಚಾಗುವ ಸಾಧ್ಯತೆಯೂ ಇದೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಸಾವಯವ ವೈನನ್ನು ಆರೋಗ್ಯದ ಹೆಸರಿನಲ್ಲಿ ಮಾರುವವರನ್ನು ನಾನು ಒಪ್ಪುವುದಿಲ್ಲ. ಅದನ್ನು ಆರಿಸಿಕೊಳ್ಳಲು ಮಣ್ಣು, ಕೂಲಿಯವರ ಆರೋಗ್ಯ ಮತ್ತು ರುಚಿ ಸಾಕಷ್ಟು ಕಾರಣಗಳು.

ಅಸ್ತಮಾ ಬೇರೆ ಮಾತು. ಅಸ್ತಮಾ ಇರುವವರಲ್ಲಿ ಕೆಲವರಿಗೆ ಸಲ್ಫೈಟ್ ನಿಜವಾಗಿಯೂ ಉಸಿರು ಕಟ್ಟಿಸುತ್ತದೆ, ಅದೂ ನಿಮಿಷಗಳೊಳಗೆ. ನಿಮ್ಮ ಬಾಟಲಿಯಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚಿದೆ ಎಂದು ಲೇಬಲ್ಲೇ ಹೇಳುತ್ತಿದೆ, ಎಷ್ಟೆಂದು ಹೇಳುತ್ತಿಲ್ಲ; ಹಿಸ್ಟಮಿನ್ ಕೂಡ ಅವರಿಗೆ ತೊಂದರೆ ಮಾಡಬಹುದು. ನಾನು ವೈನ್ ತಯಾರಿಕೆ ಬಲ್ಲವನು, ವೈದ್ಯನಲ್ಲ. ಅವರು ಸೇವಿಸುವ ಔಷಧಗಳನ್ನೂ ನೋಡಿ ಅವರ ಶ್ವಾಸಕೋಶ ತಜ್ಞರು ಒಪ್ಪುವವರೆಗೆ ತಂದೆಯವರಿಗೆ ಒಂದು ಗುಟುಕನ್ನೂ ಕೊಡಬೇಡಿ ಎಂದಷ್ಟೇ ಹೇಳಬಲ್ಲೆ.

ನಾಲ್ಕು ಬಾಟಲಿಗಳನ್ನು ಇಂದೇ ಕಪಾಟಿನಿಂದ ಫ್ರಿಜ್ಜಿಗೆ ಸಾಗಿಸಿ, ಮಲಗಿಸದೆ ನಿಲ್ಲಿಸಿಡಿ. ಚಳಿಗೆ ಯೀಸ್ಟ್ ತೆಪ್ಪಗಾಗುತ್ತದೆ, ಗಸಿ ತಳ ಸೇರುತ್ತದೆ. ಬಿರಡೆ ಮೇಲಕ್ಕೆದ್ದಿರುವ ಅಥವಾ ಅಂಚಿನಲ್ಲಿ ಒಸರಿರುವ ಬಾಟಲಿಯಿದ್ದರೆ ಅದನ್ನು ಚೆನ್ನಾಗಿ ತಣಿಸಿ, ಮೇಲೆ ದಪ್ಪ ಬಟ್ಟೆ ಹೊದಿಸಿ, ಮುಖವನ್ನು ದೂರವಿಟ್ಟು ಮೊದಲು ತೆರೆಯಿರಿ. ಕುಡಿಯುವಾಗ ಅಲುಗಿಸದೆ ಒಂದು ಜಗ್ಗಿಗೆ ಬಗ್ಗಿಸಿ, ಕೊನೆಯ ಎರಡು ಬೆರಳಷ್ಟನ್ನು ತಳದಲ್ಲೇ ಬಿಡಿ. ಅರ್ಧ ಗಂಟೆಯಲ್ಲಿ ಗುಳ್ಳೆ ಇಳಿಯುತ್ತದೆ, ಸೇಬಿನ ವಾಸನೆಯೂ ಎಷ್ಟೋ ಸಲ ಹಗುರಾಗುತ್ತದೆ. 10ರಿಂದ 12 ಡಿಗ್ರಿ ಇದ್ದಾಗ ರುಚಿ ಚೆನ್ನಾಗಿ ತೆರೆದುಕೊಳ್ಳುತ್ತದೆ. ವರ್ಷಗಟ್ಟಲೆ ಇಡುವ ಆಸೆ ಬೇಡ. 12 ಡಿಗ್ರಿಯ ನೆಲಮಾಳಿಗೆ ಇರುವವರಿಗೆ ಅದು ಸಾಧ್ಯ, ಒಮ್ಮೆ ಬಿಸಿ ತಗುಲಿದ ಬಾಟಲಿಗೆ ಅಲ್ಲ.

ಬೆಂಗಳೂರಿಗೆ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ಭಾರತಕ್ಕೆ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದಾದ್ದರಿಂದ ಕಾನೂನಿನ ತೊಡಕೇನೂ ಇಲ್ಲ, ಆದರೆ ಒಳಗೆ ಒತ್ತಡವಿರಬಹುದಾದ ಬಾಟಲಿಯನ್ನು ಸೂಟ್‌ಕೇಸಿನಲ್ಲಿಟ್ಟು ಸಾಗಿಸುವುದು ಸರಿಯಲ್ಲ. ಅಣ್ಣನಿಗೆ ಕೊಡಲೇಬೇಕೆಂದಿದ್ದರೆ ಅದೇ ಲುವಾರಿನ ಸಾವಯವ ಶೆನಿನ್‌ನಲ್ಲಿ, ಬಾಟಲಿಗೆ ತುಂಬುವಾಗ 20-30 ಮಿಲಿಗ್ರಾಂ ಸಲ್ಫೈಟ್ ಸೇರಿಸಿ ಹಗುರಾಗಿ ಸೋಸಿರುವುದನ್ನು ಆರಿಸಿ. ಪ್ರಯಾಣ ಮಾಡುವ ವೈನಿಗೆ ಇಷ್ಟು ರಕ್ಷಣೆ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಶೂನ್ಯ ಸಲ್ಫೈಟ್ ತನ್ನಷ್ಟಕ್ಕೆ ಗುಣವಲ್ಲ. ನಡುವೆ ಬಿಡುವಾದಾಗ ತೋಟದವರಿಗೆ ಒಂದು ಸಂದೇಶ ಬರೆದು, ಆ ವೈನಿನ ಪ್ರಯೋಗಾಲಯದ ವಿಶ್ಲೇಷಣಾ ಪತ್ರವನ್ನು ಕೇಳಿ. ಅದರಲ್ಲಿ ಒಟ್ಟು ಸಲ್ಫರ್ ಡೈಆಕ್ಸೈಡ್, ಉಳಿದ ಸಕ್ಕರೆ, ಆವಿಯಾಗುವ ಆಮ್ಲ (ವಿನೆಗರಿನ ಹುಳಿ) ಈ ಮೂರು ಅಂಕಿಗಳನ್ನು ನೋಡಿ. ಸಕ್ಕರೆ ಲೀಟರಿಗೆ 2 ಗ್ರಾಂಗಿಂತ ಕಡಿಮೆಯಿದ್ದರೆ ಉಳಿದ ಬಾಟಲಿಗಳ ಬಗ್ಗೆ ಭಯ ಬೇಡ. 4ಕ್ಕಿಂತ ಹೆಚ್ಚಿದ್ದರೆ ಈ ತಿಂಗಳೊಳಗೆ ಸ್ನೇಹಿತರನ್ನು ಕರೆದು ನಾಲ್ಕನ್ನೂ ಮುಗಿಸಿಬಿಡಿ.